ಗಡಸು ನೀರಿಗೆ ಕೆಟಲ್ ಕೈಕೊಟ್ಟರೆ: ಹೊಸದು ತರುವ ಮೊದಲು ಹಳೆಯದರ ತಳ ನೋಡಿ

ನಮ್ಮ ಮನೆಯ ಕೆಟಲ್ ಒಂದು ದಿನ ನೀರು ಕುದಿಯುವ ಮೊದಲೇ ಟಕ್ ಅಂತ ಆರಿಹೋಯಿತು. ಮತ್ತೆ ಗುಂಡಿ ಒತ್ತಿದೆ, ಹಿಡಿಯಲಿಲ್ಲ. ಹತ್ತು ನಿಮಿಷ ಬಿಟ್ಟು ಒತ್ತಿದಾಗ ಹಿಡಿಯಿತು, ಆದರೆ ಅರ್ಧಕ್ಕೇ ಮತ್ತೆ ಆರಿತು. ಎರಡು ದಿನ ಹೀಗೇ ಆಟ ಆಡಿಸಿತು. 'ಕಾಯಿಲ್ ಹೋಗಿದೆ' ಅಂತ ನಾನೇ ತೀರ್ಪು ಕೊಟ್ಟು, ಅದನ್ನು ಗುಜರಿಗೆ ಹಾಕಿ ಹೊಸದು ತಂದೆ. ಏಳೆಂಟು ತಿಂಗಳಲ್ಲಿ ಹೊಸದಕ್ಕೂ ಅದೇ ಚಾಳಿ ಹತ್ತಿತು.

ಆಗಲೇ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿದ್ದು. ತಳದಲ್ಲಿ ಸ್ಟೀಲೇ ಕಾಣಲಿಲ್ಲ. ಗೋಡೆಗೆ ಬಳಿದ ಸುಣ್ಣ ಒಣಗಿದ ಹಾಗೆ ಬೂದುಬಿಳಿ ಪದರ, ನಡುನಡುವೆ ಬಿರುಕು. ಚಮಚದ ಹಿಡಿಯಿಂದ ಮೆಲ್ಲಗೆ ಒತ್ತಿದಾಗ ಮೊಟ್ಟೆಯ ಚಿಪ್ಪಿನಂಥ ಒಂದು ಚಕ್ಕೆ ಎದ್ದು ಬಂತು. ಅದನ್ನು ತಟ್ಟೆಯಲ್ಲಿಟ್ಟು ಎರಡು ಹನಿ ವಿನೆಗರ್ ಬಿಟ್ಟೆ. ಚುಯ್ ಅಂತ ನೊರೆ ಎದ್ದಿತು. ಮೊದಲ ಕೆಟಲ್ ಕೆಟ್ಟೇ ಇರಲಿಲ್ಲ. ಅದಕ್ಕೆ ಸುಣ್ಣ ಕಟ್ಟಿತ್ತು, ಅಷ್ಟೇ.

ಅದಾದ ಮೇಲೆ ಕೆಟಲ್ ವಿಷಯದಲ್ಲಿ ನಾನೊಂದು ಪದ್ಧತಿ ಇಟ್ಟುಕೊಂಡಿದ್ದೇನೆ. ಹಳೆಯದಕ್ಕೆ ಏನಾಗಿದೆ ಅಂತ ಗೊತ್ತಾಗುವ ತನಕ ಹೊಸದನ್ನು ನೋಡಲು ಹೋಗುವುದಿಲ್ಲ. ಗಡಸು ನೀರಿನ ಮನೆಯಲ್ಲಿ ಯಾವ ಕೆಟಲ್ ತೆಗೆದುಕೊಳ್ಳಬೇಕು ಅನ್ನುವುದನ್ನು ಹಳೆಯ ಕೆಟಲ್ ಕೆಟ್ಟ ರೀತಿಯೇ ಹೇಳಿಬಿಡುತ್ತದೆ.

ಒಳಗೆ ಎರಡು ಸ್ವಿಚ್ ಇವೆ

ಕೆಟಲ್ ಬಹಳ ಸರಳ ಸಾಮಾನು. ತಳದಲ್ಲಿ ಹೀಟರ್. ಅದನ್ನು ಆರಿಸಲು ಎರಡು ಸ್ವಿಚ್. ಈ ಎರಡರ ಕೆಲಸ ಬೇರೆ ಬೇರೆ ಅಂತ ತಿಳಿದುಕೊಂಡರೆ ಮುಕ್ಕಾಲು ಪಾಲು ದೋಷವನ್ನು ಕೂತಲ್ಲೇ ಹೇಳಬಹುದು.

ಮೊದಲನೆಯದು ಹಬೆ ಸ್ವಿಚ್. ನೀರು ಕುದಿಯುವಾಗ ಹಬೆ ಮೇಲಿರುವ ಸಣ್ಣ ತೂತಿನಿಂದಲೋ ಕೊಳವೆಯಿಂದಲೋ ಈ ಸ್ವಿಚ್ಚಿಗೆ ತಲುಪುತ್ತದೆ. ಅಲ್ಲಿ ಎರಡು ಬೇರೆ ಲೋಹಗಳನ್ನು ಒಂದರ ಮೇಲೊಂದು ಬೆಸೆದ ಪುಟ್ಟ ತಗಡು ಇದೆ. ಬಿಸಿಗೆ ಒಂದು ಲೋಹ ಜಾಸ್ತಿ ಹಿಗ್ಗುತ್ತದೆ, ಇನ್ನೊಂದು ಕಡಿಮೆ. ಆ ಎಳೆದಾಟದಲ್ಲಿ ತಗಡು ಪಟ್ ಅಂತ ಇನ್ನೊಂದು ಕಡೆಗೆ ಬಾಗುತ್ತದೆ, ಸ್ವಿಚ್ಚನ್ನು ತಳ್ಳುತ್ತದೆ. ನಮಗೆ ಕೇಳಿಸುವ ಟಕ್ ಅದರದ್ದೇ.

ಎರಡನೆಯದು ಕಾವಲು ಸ್ವಿಚ್. ಅದೇ ಜಾತಿಯ ತಗಡು, ಆದರೆ ಇದು ತಳದ ತಟ್ಟೆಗೆ ಕೆಳಗಿನಿಂದ ಅಂಟಿಕೊಂಡಿರುತ್ತದೆ. ನೀರಿಲ್ಲದೆ ಯಾರಾದರೂ ಕೆಟಲ್ ಹಾಕಿದರೆ ತಟ್ಟೆ ಸರ್ರನೆ ಬಿಸಿಯಾಗುತ್ತದೆ, ತಗಡು ಬಾಗಿ ಕರೆಂಟ್ ಕಡಿಯುತ್ತದೆ. ಒಳಗೆ ನೀರಿದೆಯೋ ಇಲ್ಲವೋ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ತಟ್ಟೆಯ ಬಿಸಿ ಮಾತ್ರ ಗೊತ್ತು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಎರಡು ಲೋಹ ಬೆಸೆಯುವ ಈ ಉಪಾಯ ಹುಟ್ಟಿದ್ದು ಕೆಟಲ್‌ಗಲ್ಲ, ಗಡಿಯಾರಕ್ಕೆ. 18ನೇ ಶತಮಾನದಲ್ಲಿ ಇಂಗ್ಲೆಂಡಿನ ಜಾನ್ ಹ್ಯಾರಿಸನ್ ಹಡಗಿನ ಗಡಿಯಾರ ಬಿಸಿಲಿಗೂ ಚಳಿಗೂ ತಪ್ಪು ಸಮಯ ತೋರಿಸದಿರಲಿ ಅಂತ ಇಂಥ ಪಟ್ಟಿ ಮಾಡಿಕೊಂಡಿದ್ದ. ಎರಡು ಶತಮಾನದ ಮೇಲೆ ಜಾನ್ ಟೇಲರ್ ಅನ್ನುವವರು ಅದೇ ಉಪಾಯವನ್ನು ಪಟ್ಟನೆ ಬಾಗುವ ತಗಡಾಗಿಸಿ ಕೆಟಲ್‌ಗಳಿಗೆ ಕೂರಿಸಿದರು. ಐಲ್ ಆಫ್ ಮ್ಯಾನ್ ದ್ವೀಪದ ಅವರ ಸ್ಟ್ರಿಕ್ಸ್ ಕಂಪನಿಯ ಕಂಟ್ರೋಲ್‌ಗಳು ಎಷ್ಟೋ ಬ್ರ್ಯಾಂಡಿನ ಕೆಟಲ್‌ಗಳ ಹೊಟ್ಟೆಯಲ್ಲಿವೆ. ಅದೇ ಟೇಲರ್ 2008ರಲ್ಲಿ ಕೇಂಬ್ರಿಜ್‌ನಲ್ಲಿ ಒಂದು ವಿಚಿತ್ರ ಗಡಿಯಾರ ನಿಲ್ಲಿಸಿದರು. ಹೆಸರು ಕಾರ್ಪಸ್ ಕ್ಲಾಕ್. ಅದರ ತಲೆಯ ಮೇಲೆ ಮಿಡತೆಯಂಥ ಪ್ರಾಣಿ ಕೂತು ಸಮಯ ತಿನ್ನುತ್ತಾ ಇರುತ್ತದೆ. ಅದು ಹ್ಯಾರಿಸನ್‌ಗೆ ಸಲ್ಲಿಸಿದ ಗೌರವ. ಸರಿ, ನಮ್ಮ ಕೆಟಲ್‌ಗೆ ಬರೋಣ.

ನೀರು ಗಡಸೇ? ಮೊದಲು ಖಾತ್ರಿ ಮಾಡಿಕೊಳ್ಳಿ

ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿಕೊಂಡಿದ್ದರೆ ಅದು ಗಡಸು. ಇದರಲ್ಲಿ ಎರಡು ತರಹ. ಬೈಕಾರ್ಬೊನೇಟ್ ರೂಪದಲ್ಲಿ ಇರುವುದು ತಾತ್ಕಾಲಿಕ ಗಡಸುತನ. ಕಾಯಿಸಿದಾಗ ಅದು ಒಡೆದು ಇಂಗಾಲದ ಡೈಆಕ್ಸೈಡ್ ಹಾರಿಹೋಗುತ್ತದೆ, ಕ್ಯಾಲ್ಸಿಯಂ ಕಾರ್ಬೊನೇಟ್ ಕಲ್ಲಾಗಿ ತಳ ಹಿಡಿಯುತ್ತದೆ. ಸಲ್ಫೇಟ್, ಕ್ಲೋರೈಡ್ ರೂಪದಲ್ಲಿ ಇರುವುದು ಕುದಿಸಿದರೂ ಹೋಗದ ಶಾಶ್ವತ ಗಡಸುತನ. ಕೆಟಲ್‌ಗೆ ಶತ್ರು ಮುಖ್ಯವಾಗಿ ಮೊದಲನೆಯದು.

ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಲೀಟರಿಗೆ 60 ಮಿಲಿಗ್ರಾಂ ಒಳಗಿದ್ದರೆ ಮೆದು ನೀರು, 120 ದಾಟಿದರೆ ಗಡಸು, 180 ದಾಟಿದರೆ ತುಂಬಾ ಗಡಸು ಅನ್ನುವುದು ಸಾಮಾನ್ಯ ಲೆಕ್ಕ. ಪರೀಕ್ಷೆಯ ಪಟ್ಟಿ ಸಿಗುತ್ತದೆ, ನೀರಿಗೆ ಅದ್ದಿ ಬಣ್ಣ ನೋಡಿದರೆ ಆಯಿತು. ಕೆಲವು ಪಟ್ಟಿಗಳಲ್ಲಿ ಜರ್ಮನ್ ಡಿಗ್ರಿ ಅಂತ ಇರುತ್ತದೆ. ಅದನ್ನು 17.8ರಿಂದ ಗುಣಿಸಿದರೆ ಮಿಲಿಗ್ರಾಂ ಲೆಕ್ಕ ಸಿಗುತ್ತದೆ. 10 ಡಿಗ್ರಿ ಅಂದರೆ 178.

ಪಟ್ಟಿ ಇಲ್ಲವೇ? ಒಂದು ಬಾಟಲಿಯಲ್ಲಿ ಅರ್ಧ ನೀರು ಹಾಕಿ, ಸ್ವಲ್ಪ ಬಟ್ಟೆ ಒಗೆಯುವ ಹಳೆಯ ಕಾಲದ ಬಾರ್ ಸೋಪು ತುರಿದು ಹಾಕಿ ಕುಲುಕಿ. ಡಿಟರ್ಜೆಂಟ್ ಪುಡಿ ಬೇಡ, ಅದು ಗಡಸು ನೀರಿನಲ್ಲೂ ನೊರೆ ಕೊಡುತ್ತದೆ. ನೊರೆ ಏಳದೆ ಮೊಸರು ಒಡೆದ ಹಾಗೆ ಬಿಳಿ ಕಣ ತೇಲಿದರೆ ನೀರು ಗಡಸು.

ಇಲ್ಲಿ ಒಂದು ಎಚ್ಚರ. ಟಿಡಿಎಸ್ (ನೀರಿನಲ್ಲಿ ಕರಗಿದ ಒಟ್ಟು ವಸ್ತು) ತೋರಿಸುವ ಮೀಟರ್ ಅದ್ದಿ 'ನಮ್ಮ ನೀರು ಇಷ್ಟು ಗಡಸು' ಅನ್ನುವವರು ಜಾಸ್ತಿ. ಆ ಮೀಟರ್ ಅಳೆಯುವುದು ನೀರು ಎಷ್ಟು ಕರೆಂಟ್ ಹರಿಸುತ್ತದೆ ಅನ್ನುವುದನ್ನು. ಅಡುಗೆ ಉಪ್ಪು ಹಾಕಿದರೂ ಅದರ ಅಂಕಿ ಏರುತ್ತದೆ, ಆದರೆ ಅಡುಗೆ ಉಪ್ಪು ಕೆಟಲ್‌ಗೆ ಕಲ್ಲು ಕಟ್ಟುವುದಿಲ್ಲ. ಸಾಫ್ಟನರ್‌ನಿಂದ ಬಂದ ನೀರಿನ ಟಿಡಿಎಸ್ ಹೆಚ್ಚುಕಡಿಮೆ ಮೊದಲಿನಷ್ಟೇ ಇರುತ್ತದೆ, ಗಡಸುತನ ಮಾತ್ರ ಹೋಗಿರುತ್ತದೆ. ಹಾಗಾಗಿ ಟಿಡಿಎಸ್ ನೋಡಿ ಕೆಟಲ್ ಬಗ್ಗೆ ತೀರ್ಮಾನ ಮಾಡಬೇಡಿ.

ಕುದಿಯುವ ಮೊದಲೇ ಆರುತ್ತಿದೆ

ಗಡಸು ನೀರಿನ ಮನೆಗಳಲ್ಲಿ ಪದೇ ಪದೇ ಕಾಣುವ ದೋಷ ಇದು. ಜನ ತಪ್ಪು ತಿಳಿಯುವುದೂ ಇದನ್ನೇ. ನನ್ನದೂ ಇದೇ ಕಥೆ.

ಆರಿದ ತಕ್ಷಣ ಗುಂಡಿಯನ್ನು ಮತ್ತೆ ಒತ್ತಿ ನೋಡಿ. ಒತ್ತಿದರೂ ನಿಲ್ಲದೆ ಮೇಲೆ ಹಾರುತ್ತಿದ್ದರೆ, ಕೆಲವು ನಿಮಿಷ ತಣಿದ ಮೇಲೆ ಮಾತ್ರ ಹಿಡಿಯುತ್ತಿದ್ದರೆ, ಕೆಲಸ ಮಾಡಿದ್ದು ಕಾವಲು ಸ್ವಿಚ್. ಅಂದರೆ ನೀರಿದ್ದರೂ ತಟ್ಟೆ ಅತಿಯಾಗಿ ಬಿಸಿಯಾಗುತ್ತಿದೆ. ಇದಕ್ಕೆ ಬದಲಾಗಿ, ಆರಿದ ಮರುಕ್ಷಣವೇ ಗುಂಡಿ ನಿಂತುಕೊಂಡರೆ, ಸುಣ್ಣದ ಮೇಲೆ ಅನುಮಾನ ಬೇಡ. ಹಬೆ ಸ್ವಿಚ್ಚಿನ ಕೊಕ್ಕೆ ಸವೆದು ಸಡಿಲವಾಗಿರಬಹುದು ಅಥವಾ ಕೆಟಲ್ ಕೂರಿಸುವ ಬೇಸ್‌ನಲ್ಲಿ ಸಂಪರ್ಕ ಸರಿಯಿಲ್ಲ.

ತಟ್ಟೆ ಯಾಕೆ ಅಷ್ಟು ಬಿಸಿಯಾಗುತ್ತದೆ ಅಂತ ಒಂದು ಲೆಕ್ಕ ಹಾಕಿದೆ. 1500 ವ್ಯಾಟಿನ ಕೆಟಲ್, ತಟ್ಟೆಯ ಅಗಲ 12 ಸೆಂಟಿಮೀಟರ್, ಮೇಲೆ 1 ಮಿಲಿಮೀಟರ್ ಸುಣ್ಣ ಅಂತ ಇಟ್ಟುಕೊಳ್ಳಿ. ಸುಣ್ಣದ ಪದರ ಸ್ಟೀಲಿನ ಹತ್ತರಲ್ಲಿ ಒಂದು ಪಾಲಿನಷ್ಟು ಮಾತ್ರ ಶಾಖ ದಾಟಿಸುತ್ತದೆ, ಹೆಚ್ಚುಕಡಿಮೆ. ಆ ಪದರದ ಮೂಲಕ 1500 ವ್ಯಾಟ್ ಹಾಯಬೇಕಾದರೆ ಕೆಳಗಿನ ತಟ್ಟೆ ನೀರಿಗಿಂತ 60ರಿಂದ 130 ಡಿಗ್ರಿ ಜಾಸ್ತಿ ಬಿಸಿಯಾಗಿರಲೇಬೇಕು. ಪದರ ಎಷ್ಟು ಗಟ್ಟಿ, ಎಷ್ಟು ತೂತುತೂತು ಅನ್ನುವುದರ ಮೇಲೆ ಅಂಕಿ ಬದಲಾಗುತ್ತದೆ. ನೀರು 80 ಡಿಗ್ರಿಗೆ ಬರುವಷ್ಟರಲ್ಲಿ ತಟ್ಟೆ ಇನ್ನೂರರ ಹತ್ತಿರ. ಕಾವಲು ಸ್ವಿಚ್ಚಿಗೆ ಇದು ಖಾಲಿ ಕೆಟಲ್ ಥರವೇ ಕಾಣುತ್ತದೆ. ಅದು ತನ್ನ ಕೆಲಸ ಮಾಡಿತು. ಬೈಸಿಕೊಂಡಿದ್ದು ಮಾತ್ರ ಕಾಯಿಲ್.

ಹೀಗೆ ಪದೇ ಪದೇ ಟ್ರಿಪ್ ಆಗಲು ಬಿಟ್ಟರೆ ನಿಜವಾಗಿ ಕೆಡುತ್ತದೆ. ತಗಡು ದಣಿಯುತ್ತದೆ, ಸ್ವಿಚ್ಚಿನ ಸಂಪರ್ಕ ಸುಡುತ್ತದೆ. ಕೊನೆಗೆ ಒಳಗಿನ ಥರ್ಮಲ್ ಫ್ಯೂಸ್ ಹೋದರೆ ಅದು ಮತ್ತೆ ಕೂಡಿಕೊಳ್ಳುವಂಥದ್ದಲ್ಲ. ಎರಡನೇ ಸಲ ಟ್ರಿಪ್ ಆದಾಗಲೇ ಸುಣ್ಣ ತೆಗೆಯಿರಿ.

ಕುದಿಯಲು ತುಂಬಾ ಹೊತ್ತು

ಇದಕ್ಕೆ ಎಲ್ಲರೂ ಸುಣ್ಣವನ್ನೇ ಬೈಯುತ್ತಾರೆ. ನನಗೆ ಅಷ್ಟು ಒಪ್ಪಿಗೆಯಿಲ್ಲ. ತಟ್ಟೆಯ ಬಿಸಿಗೆ ಹೋಗಲು ಬೇರೆ ದಾರಿ ಹೆಚ್ಚಿಲ್ಲ, ತಡವಾದರೂ ನೀರಿಗೇ ಹೋಗಬೇಕು. ಸುಣ್ಣದಿಂದ ಸ್ವಲ್ಪ ತಡ ಆಗುತ್ತದೆ, ಎರಡರಷ್ಟು ಆಗುವುದಿಲ್ಲ. ಅಷ್ಟು ತಡವಾದರೆ ಬೇರೆ ಕಾರಣ ಹುಡುಕಿ.

ಅಳೆಯುವುದು ಸುಲಭ. ನೀರಿನ ಲೀಟರನ್ನು ಏರಬೇಕಾದ ಡಿಗ್ರಿಯಿಂದ ಗುಣಿಸಿ, ಅದನ್ನು 4.2ರಿಂದ ಗುಣಿಸಿ, ಕೆಟಲ್‌ನ ಕಿಲೋವ್ಯಾಟ್‌ನಿಂದ ಭಾಗಿಸಿ. ಸೆಕೆಂಡ್ ಬರುತ್ತದೆ. 1 ಲೀಟರ್, 25ರಿಂದ 100 ಡಿಗ್ರಿಗೆ, 1.5 ಕಿಲೋವ್ಯಾಟ್: 210 ಸೆಕೆಂಡ್. ಹೊರಗೆ ಸೋರುವ ಬಿಸಿ ಸೇರಿ ನಾಲ್ಕು ನಿಮಿಷದ ಆಸುಪಾಸು ಆದರೆ ಕೆಟಲ್ ಆರೋಗ್ಯವಾಗಿದೆ.

ಐದೂವರೆ ನಿಮಿಷ ಆಯಿತೇ? ವೋಲ್ಟೇಜ್ ನೋಡಿ. 230 ವೋಲ್ಟಿನ ಕೆಟಲ್‌ಗೆ 200 ಮಾತ್ರ ಬರುತ್ತಿದ್ದರೆ ಅದರ ಶಕ್ತಿ ಮುಕ್ಕಾಲಿಗೆ ಇಳಿದುಬಿಡುತ್ತದೆ, ಯಾಕೆಂದರೆ ಶಕ್ತಿ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. ತೆಳು ವೈರಿನ ಎಕ್ಸ್‌ಟೆನ್ಶನ್ ಬೋರ್ಡಿಗೆ ಸಿಕ್ಕಿಸಿದ್ದರೆ ತೆಗೆದು ನೇರ ಗೋಡೆಯ ಸಾಕೆಟ್‌ಗೆ ಹಾಕಿ ಮತ್ತೆ ಅಳೆಯಿರಿ. ಪ್ಲಗ್ ಮುಟ್ಟಿದರೆ ಕೈ ಸುಡುವಷ್ಟು ಬಿಸಿಯಿದ್ದರೆ ದೋಷ ಸಾಕೆಟ್‌ನಲ್ಲೋ ಪ್ಲಗ್ಗಿನಲ್ಲೋ ಇರಬಹುದು, ಅದನ್ನೂ ನೋಡಿಸಿ.

ಕುದಿದರೂ ಆರುತ್ತಿಲ್ಲ

ಮುಚ್ಚಳ ಸರಿಯಾಗಿ ಕೂತಿದೆಯೇ ನೋಡಿ. ನಗಬೇಡಿ, ಅರ್ಧ ಸಲ ಇದೇ. ಮುಚ್ಚಳ ತೆರೆದಿದ್ದರೆ ಹಬೆ ಮೇಲಕ್ಕೆ ಹಾರಿಹೋಗುತ್ತದೆ, ಸ್ವಿಚ್ಚಿಗೆ ತಲುಪುವುದೇ ಇಲ್ಲ. ಮುಚ್ಚಳದ ಅಂಚಿನಲ್ಲಿ ಸುಣ್ಣದ ಚಕ್ಕೆ ಸಿಕ್ಕಿಕೊಂಡು ಕೂದಲೆಳೆಯಷ್ಟು ಬಿರುಕು ಬಿಟ್ಟಿದ್ದರೂ ಹೀಗಾಗಬಹುದು.

ಮುಂದೆ ಹಬೆಯ ತೂತು. ಹಿಡಿಯ ಪಕ್ಕದಲ್ಲಿ, ಒಳಗೋಡೆಯ ಮೇಲ್ಭಾಗದಲ್ಲಿ ಇರುತ್ತದೆ. ಗೆರೆ ಮೀರಿ ನೀರು ತುಂಬುವ ಮನೆಗಳಲ್ಲಿ ಕುದಿಯುವ ನೀರು ಚಿಮ್ಮಿ ಚಿಮ್ಮಿ ಆ ತೂತಿನ ಬಾಯಿಗೆ ಬಿಳಿ ಉಂಗುರ ಕಟ್ಟಿರುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಸಿಟ್ರಿಕ್ ಆಸಿಡ್ ನೀರಿಗೆ ಅದ್ದಿ ಮೆಲ್ಲಗೆ ಉಜ್ಜಿ. ಸೂಜಿ, ತಂತಿ ತೂರಿಸಬೇಡಿ, ಅದರ ಆಚೆಗೇ ಕರೆಂಟ್ ಇರುವ ಭಾಗ ಇದೆ. ತೂತು ಚೊಕ್ಕಟವಿದ್ದು, ಮುಚ್ಚಳ ಬಿಗಿಯಾಗಿದ್ದು, ಅರ್ಧ ಕೆಟಲ್ ನೀರು ಕೊತಕೊತ ಕುದಿಯಲು ಶುರುವಾಗಿ ಅರ್ಧ ನಿಮಿಷವಾದರೂ ಆರದಿದ್ದರೆ ತಗಡಿನ ಆಯಸ್ಸು ಮುಗಿದಿದೆ.

ಸದ್ದು, ಚಕ್ಕೆ, ಕಂದು ಚುಕ್ಕೆ

ಹೊಸ ಕೆಟಲ್ ಕೂಡ ಭುಸುಗುಡುತ್ತದೆ. ತಟ್ಟೆಯ ಮೇಲೆ ಹುಟ್ಟಿದ ಗುಳ್ಳೆ ಮೇಲಿನ ತಣ್ಣನೆ ನೀರಿಗೆ ಸಿಕ್ಕಿ ಒಡೆಯುವ ಸದ್ದು ಅದು. ಅದೇ ಕಾರಣಕ್ಕೆ ಪೂರ್ತಿ ಕುದಿ ಬಂದ ಮೇಲೆ ಸದ್ದು ಇಳಿಯುತ್ತದೆ. ಸುಣ್ಣ ಕಟ್ಟಿದ ಕೆಟಲ್ ಸದ್ದು ಬೇರೆ: ಚಟಪಟ, ಕಟಕಟ. ಪದರದ ಬಿರುಕಿನಲ್ಲಿ ನುಗ್ಗಿದ ನೀರು ಅಲ್ಲೇ ಹಬೆಯಾಗಿ ಸಿಡಿಯುತ್ತದೆ. ಕಿವಿಗೆ ಒಮ್ಮೆ ಅಭ್ಯಾಸವಾದರೆ ಮುಚ್ಚಳ ತೆಗೆಯದೆಯೇ ಹೇಳಬಹುದು.

ಲೋಟದಲ್ಲಿ ತೇಲುವ ಬಿಳಿ ಚಕ್ಕೆ ಕ್ಯಾಲ್ಸಿಯಂ ಕಾರ್ಬೊನೇಟ್, ಮೊಟ್ಟೆಯ ಚಿಪ್ಪಿನ ವಸ್ತು. ವಿಷವಲ್ಲ. ನೋಡಲು ಅಸಹ್ಯ, ಅಷ್ಟೇ. ತಳದ ಕಂದು ಚುಕ್ಕೆ ಕಂಡು 'ತುಕ್ಕು ಹಿಡಿದಿದೆ' ಅಂತ ಎಸೆಯಬೇಡಿ. ಬಹಳ ಸಲ ಅದು ನೀರಿನಲ್ಲಿದ್ದ ಕಬ್ಬಿಣ ಸುಣ್ಣದ ಜೊತೆ ಕೂತಿದ್ದು. ಸಿಟ್ರಿಕ್ ಆಸಿಡ್‌ಗೆ ಕರಗಿದರೆ ಕಲೆ, ಕರಗದೆ ಉಗುರಿಗೆ ಗುಳಿ ಸಿಕ್ಕಿದರೆ ಸ್ಟೀಲೇ ಕೊರೆದಿದೆ.

ಸೋರಿಕೆ

ಇದರಲ್ಲೊಂದು ತಮಾಷೆಯಿದೆ. ಸುಣ್ಣ ತೆಗೆದ ಮರುದಿನವೇ ಕೆಟಲ್ ಸೋರಲು ಶುರುವಾಗುತ್ತದೆ. 'ಆಸಿಡ್ ಹಾಕಿ ಕೆಡಿಸಿಬಿಟ್ಟೆ' ಅಂತ ಮನೆಯಲ್ಲಿ ಬೈಗುಳ. ನಿಜವೆಂದರೆ ನೀರಿನ ಮಟ್ಟ ತೋರಿಸುವ ಕಿಟಕಿಯ ಅಂಚೋ ತಳದ ರಬ್ಬರ್ ವಾಷರೋ ಮೊದಲೇ ಬಿರುಕು ಬಿಟ್ಟಿತ್ತು. ಸುಣ್ಣ ಆ ಬಿರುಕನ್ನು ಮೆತ್ತಿ ಮುಚ್ಚಿತ್ತು. ನೀವು ಸುಣ್ಣ ತೆಗೆದಿರಿ, ಬಿರುಕು ಹೊರಬಿತ್ತು.

ಪರೀಕ್ಷೆ ಹೀಗೆ. ಕೆಟಲ್ಲನ್ನು ಬೇಸ್‌ನಿಂದ ಎತ್ತಿ, ಒರೆಸಿ ಒಣಗಿಸಿ, ಒಣ ಕಾಗದದ ಮೇಲೆ ತಣ್ಣೀರು ತುಂಬಿಸಿ ಒಂದು ಗಂಟೆ ಇಡಿ. ಆಮೇಲೆ ಬಿಸಿ ನೀರು ತುಂಬಿಸಿ ಇನ್ನೊಮ್ಮೆ. ಬಿಸಿಗೆ ಮಾತ್ರ ಸೋರುವ ಜಾಯಿಂಟ್‌ಗಳೂ ಇವೆ. ತಳದಿಂದ ಒಂದು ಹನಿ ಬಿದ್ದರೂ ಆ ಕೆಟಲ್ಲನ್ನು ಮತ್ತೆ ಬೇಸ್ ಮೇಲೆ ಇಡಬೇಡಿ. ಅಂಟು, ಎಂ-ಸೀಲ್ ಬಳಿದು ಉಳಿಸುವ ಸಾಹಸವೂ ಬೇಡ. ಕುಡಿಯುವ ನೀರು, ಕರೆಂಟು ಎರಡೂ ಅಲ್ಲೇ ಇವೆ.

ಸುಣ್ಣದ ಪ್ರಶ್ನೆಯೇ ಅಲ್ಲದ ದೋಷಗಳು

ಕೆಟಲ್ ಹಾಕಿದೊಡನೆ ಮನೆಯ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಆರುವ ಸುರಕ್ಷಾ ಸ್ವಿಚ್) ಬೀಳುತ್ತಿದ್ದರೆ ಹೀಟರ್‌ನಿಂದ ಕರೆಂಟ್ ಕೆಟಲ್ಲಿನ ಮೈಗೆ ಸೋರುತ್ತಿದೆ ಅಥವಾ ಬೇಸ್ ಒಳಗೆ ನೀರು ಹೋಗಿದೆ. ಬೇಸ್ ಒದ್ದೆಯಾಗಿದ್ದು ಖಚಿತವಾಗಿದ್ದರೆ ಪ್ಲಗ್ ತೆಗೆದು ಎರಡು ದಿನ ಒಣಗಲು ಬಿಟ್ಟು ಒಮ್ಮೆ ನೋಡಿ. ಮತ್ತೆ ಬಿದ್ದರೆ ಮುಗಿಯಿತು, ಆ ಕೆಟಲ್ ಬಿಟ್ಟುಬಿಡಿ. ಆರ್‌ಸಿಸಿಬಿ ಇಲ್ಲದ ಸಾಕೆಟ್‌ನಲ್ಲಿ ಹಾಕಿ 'ಇಲ್ಲಿ ನಡೆಯುತ್ತದೆ ನೋಡಿ' ಅನ್ನುವ ಪ್ರಯೋಗ ಮಾತ್ರ ಯಾವತ್ತೂ ಮಾಡಬೇಡಿ.

ದೀಪವೇ ಹತ್ತದಿದ್ದರೆ ಸಾಕೆಟ್‌ಗೆ ಬೇರೆ ಏನಾದರೂ ಹಾಕಿ ನೋಡಿ. ಕೆಟಲ್ ತಣ್ಣಗಾಗಿದೆಯೇ ನೋಡಿ. ಬೇಸ್ ಮಧ್ಯದ ಸಂಪರ್ಕದ ಸುತ್ತ ಕಪ್ಪಾಗಿದೆಯೇ, ಪ್ಲಾಸ್ಟಿಕ್ ಕರಗಿದೆಯೇ ನೋಡಿ. ಕರಗಿದ್ದರೆ ಬೇಸ್ ಮತ್ತು ಕೆಟಲ್ ಎರಡೂ ಹೋದ ಹಾಗೆ, ಒಂದನ್ನು ಬದಲಿಸಿದರೆ ಇನ್ನೊಂದು ಅದನ್ನೂ ಸುಡುತ್ತದೆ.

ಸುಣ್ಣ ತೆಗೆಯುವುದು

ಅರ್ಧ ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಸಿಟ್ರಿಕ್ ಆಸಿಡ್ ಪುಡಿ. ಪದರ ದಪ್ಪವಿದ್ದರೆ ಎರಡು. ರಸಾಯನದ ಲೆಕ್ಕದಲ್ಲಿ 1 ಗ್ರಾಂ ಸುಣ್ಣ ಕರಗಲು ಸುಮಾರು 1.3 ಗ್ರಾಂ ಸಿಟ್ರಿಕ್ ಆಸಿಡ್ ಬೇಕು. ವರ್ಷದಿಂದ ಮುಟ್ಟದ ಕೆಟಲ್ ಒಂದೇ ಸಲಕ್ಕೆ ಚೊಕ್ಕಟವಾಗದಿದ್ದರೆ ಆಶ್ಚರ್ಯಪಡಬೇಡಿ. ಆಸಿಡ್ ಖರ್ಚಾಗಿರುತ್ತದೆ, ಚೆಲ್ಲಿ ಹೊಸದು ಹಾಕಿ.

ನೀರನ್ನು ಮುಟ್ಟಿದರೆ ಚುರ್ ಅನ್ನುವಷ್ಟು, 60 ಡಿಗ್ರಿಯ ಆಸುಪಾಸು ಬಿಸಿ ಮಾಡಿ. ಪ್ಲಗ್ ತೆಗೆದು, ಆಮೇಲೆ ಪುಡಿ ಹಾಕಿ. ಪುಡಿ ಹಾಕಿದ ನೀರನ್ನು ಕುದಿಸಬೇಡಿ. ಒಂದು, ನೊರೆ ಉಕ್ಕಿ ಹಬೆಯ ತೂತಿಗೆ ನುಗ್ಗುತ್ತದೆ. ಎರಡು, ಕ್ಯಾಲ್ಸಿಯಂ ಸಿಟ್ರೇಟ್ ಅನ್ನುವುದು ಬಿಸಿ ಹೆಚ್ಚಾದಷ್ಟೂ ಕಡಿಮೆ ಕರಗುವ ವಸ್ತು. ಕುದಿಸಿದರೆ ಒಂದು ಬಿಳಿ ಪದರ ತೆಗೆದು ಇನ್ನೊಂದು ಬಿಳಿ ಪದರ ಕೂರಿಸಿದ ಹಾಗೆ. ನಾನು ಮೊದಲ ಸಲ ಹೀಗೇ ಮಾಡಿ, 'ಈ ಪುಡಿ ನಕಲಿ' ಅಂತ ತೀರ್ಮಾನಿಸಿದ್ದೆ.

ಅರ್ಧ ಗಂಟೆ ಬಿಡಿ. ಮೊದಲ ಐದು ನಿಮಿಷ ಕಿವಿಗೊಟ್ಟರೆ ಸೋಡಾ ಬಾಟಲಿ ತೆರೆದಂತೆ ಸಣ್ಣ ಸದ್ದು ಬರುತ್ತದೆ. ಸದ್ದು ನಿಂತರೂ ಪದರ ಉಳಿದಿದ್ದರೆ ನೀರು ಬದಲಿಸಿ. ಕೊನೆಗೆ ಸ್ಪಂಜಿನಿಂದ ಒರೆಸಿ, ಎರಡು ಸಲ ಬರೀ ನೀರು ಕುದಿಸಿ ಚೆಲ್ಲಿ.

ವಿನೆಗರ್ ಆದರೆ ಅರ್ಧಕ್ಕರ್ಧ ನೀರು ಬೆರೆಸಿ ಒಂದು ಗಂಟೆ ಬಿಡಿ. ಕೆಲಸ ಮಾಡುತ್ತದೆ, ಆದರೆ ವಾಸನೆ ರಬ್ಬರಿಗೆ ಹತ್ತಿಕೊಂಡು ವಾರಗಟ್ಟಲೆ ಕಾಡುತ್ತದೆ. ನನ್ನ ಓಟು ಸಿಟ್ರಿಕ್ ಆಸಿಡ್‌ಗೆ. ಕಕ್ಕಸು ತೊಳೆಯುವ ಆಸಿಡ್ ಮುಟ್ಟಲೇಬೇಡಿ. ಅದರಲ್ಲಿರುವ ಹೈಡ್ರೋಕ್ಲೋರಿಕ್ ಆಸಿಡ್ ಸುಣ್ಣದ ಜೊತೆ ಸ್ಟೀಲನ್ನೂ ಕೊರೆಯುತ್ತದೆ. ಯಾವ ಆಸಿಡ್ಡನ್ನೂ ಬ್ಲೀಚ್ ಜೊತೆ ಸೇರಿಸಬೇಡಿ, ಕ್ಲೋರಿನ್ ಅನಿಲ ಏಳುತ್ತದೆ. ಸ್ಟೀಲ್ ನಾರಿನಿಂದ ಉಜ್ಜುವುದೂ ಬೇಡ. ಒಂದೊಂದು ಗೀರೂ ಮುಂದಿನ ಸುಣ್ಣಕ್ಕೆ ಹಿಡಿದುಕೊಳ್ಳಲು ಜಾಗ.

ಸರಿ, ಹೊಸದೇ ಬೇಕು ಅಂತಾದರೆ

ಹಳೆಯದು ಕಾವಲು ಸ್ವಿಚ್ಚಿನಿಂದ ಆರುತ್ತಿತ್ತು ಅಂದರೆ ನಿಮಗೆ ಬೇಕಾದದ್ದು ತಳ ಕಾಣುವ, ಕೈ ಹೋಗುವ ಕೆಟಲ್. ಅಂಗಡಿಯಲ್ಲಿ ವ್ಯಾಟ್ ಕೇಳುವ ಮೊದಲು ಮುಚ್ಚಳ ತೆಗೆದು ಮುಷ್ಟಿಯನ್ನು ಒಳಗೆ ಹಾಕಿ ನೋಡಿ. ಸ್ಪಂಜ್ ಹಿಡಿದ ಕೈ ತಳ ಮುಟ್ಟದಿದ್ದರೆ ಆ ಕೆಟಲ್ ಗಡಸು ನೀರಿಗಲ್ಲ. ಕುತ್ತಿಗೆ ಸಣ್ಣ, ಹೊಟ್ಟೆ ದೊಡ್ಡ, ನೋಡಲು ಚೆಂದ ಇರುವವು ಇಲ್ಲೇ ಬಿದ್ದುಹೋಗುತ್ತವೆ. ಮುಚ್ಚಳ 45 ಡಿಗ್ರಿಗೆ ನಿಲ್ಲುವಂಥದ್ದೂ ಬೇಡ. ಪೂರ್ತಿ ಹಿಂದಕ್ಕೆ ಬೀಳಬೇಕು ಅಥವಾ ಕೈಗೆ ಬರಬೇಕು.

ಕಾಯಿಲ್ ನೀರಿನಲ್ಲೇ ಮುಳುಗಿರುವ ಹಳೆಯ ಮಾದರಿ ಬೇಡವೇ ಬೇಡ. ಸುರುಳಿಯ ಸಂದಿಯಲ್ಲಿ ಕಟ್ಟಿದ ಕಲ್ಲು ಬ್ರಷ್ಷಿಗೆ ಸಿಗುವುದಿಲ್ಲ. ಜೊತೆಗೆ ಕಾಯಿಲ್ ಗೋಡೆಯಿಂದ ಒಳಗೆ ಬರುವಲ್ಲಿ ಇರುವ ವಾಷರ್ ಸುತ್ತ ಸುಣ್ಣ ಕಟ್ಟಿ ಸೋರಿಕೆ ಶುರುವಾಗುತ್ತದೆ. ಕಾಯಿಲ್ ತಟ್ಟೆಯ ಕೆಳಗೆ ಅಡಗಿರುವ ಸಪಾಟು ತಳದ್ದೇ ಇರಲಿ.

ಹಳೆಯದು ಕಿಟಕಿಯಲ್ಲಿ ಸೋರಿದ್ದರೆ ಕಿಟಕಿಯೇ ಇಲ್ಲದ್ದು ತನ್ನಿ. ಒಳಗೆ ಗೆರೆ ಹಾಕಿದ ಸ್ಟೀಲ್ ಪಾತ್ರೆ ಸಾಕು. ಒಂದೇ ತಗಡಿನಿಂದ ಒತ್ತಿದ, ಒಳಗೆ ಜಾಯಿಂಟ್ ಕಾಣದ ಪಾತ್ರೆ ಇದ್ದರೆ ಇನ್ನೂ ಒಳ್ಳೆಯದು.

ಗಾಜಿನ ಕೆಟಲ್ ಬಗ್ಗೆ ಎರಡು ಅಭಿಪ್ರಾಯಗಳಿವೆ. ಎರಡೂ ಸರಿ. ಗಡಸು ನೀರಿನಲ್ಲಿ ಅದು ವಾರಕ್ಕೇ ಮಂಕಾಗಿ ಕಾಣುತ್ತದೆ, ಬಂದವರು ನೋಡುತ್ತಾರೆ. ಆದರೆ ಹಾಗೆ ಕಾಣುವುದರಿಂದಲೇ ನೀವು ಸುಣ್ಣ ತೆಗೆಯುತ್ತೀರಿ. ಸ್ಟೀಲ್ ಕೆಟಲ್‌ನ ಸುಣ್ಣ ಕತ್ತಲಲ್ಲಿ ಬೆಳೆಯುತ್ತದೆ. ಸೋಮಾರಿಗಳಿಗೆ, ಅಂದರೆ ನನ್ನಂಥವರಿಗೆ, ಗಾಜೇ ಸರಿ. ಬೀಳಿಸುವ ಕೈಗಳು ಮನೆಯಲ್ಲಿದ್ದರೆ ಮಾತ್ರ ಸ್ಟೀಲ್.

ಡಿಗ್ರಿ ತೋರಿಸುವ ಡಿಜಿಟಲ್ ಕೆಟಲ್? ಅದರ ಸೆನ್ಸರ್ ತಳದ ತಟ್ಟೆಯಲ್ಲೇ ಮೊಳೆಯ ತಲೆಯ ಹಾಗೆ ಕೂತಿರುತ್ತದೆ. ಅದಕ್ಕೆ ಸುಣ್ಣದ ಕವಚ ಬಂದರೆ ನೀರಿನ ನಿಜವಾದ ಬಿಸಿ ಅದಕ್ಕೆ ತಿಳಿಯುವುದಿಲ್ಲ. ಒಂದು ಮಾತು ಅದರ ಪರವಾಗಿಯೂ ಇದೆ: 80 ಡಿಗ್ರಿಗೆ ನಿಲ್ಲಿಸಿದರೆ ಪೂರ್ತಿ ಕುದಿಸಿದ್ದಕ್ಕಿಂತ ಸುಣ್ಣ ಕಡಿಮೆ ಕಟ್ಟುತ್ತದೆ. ಆದರೆ ಅದರ ಜೊತೆ ಬರುವ 'ಬಿಸಿಯಾಗಿಡು' ಗುಂಡಿ ಆ ಲಾಭವನ್ನೆಲ್ಲ ತಿಂದುಹಾಕುತ್ತದೆ. ಗಂಟೆಗಟ್ಟಲೆ ಬಿಸಿಯಲ್ಲೇ ಇರುವ ನೀರು ಸುಣ್ಣ ಕಟ್ಟಲು ಹೇಳಿ ಮಾಡಿಸಿದ್ದು. ತುಂಬಾ ಗಡಸು ನೀರಿಗೆ ಟಕ್ ಅನ್ನುವ ಸಾದಾ ಸ್ವಿಚ್ಚೇ ವಾಸಿ.

ಮೂತಿಯ ಜಾಲರಿ ಕೈಗೆ ಬರುವಂತಿರಲಿ. ಬಾರದ ಜಾಲರಿ ಆರು ತಿಂಗಳಲ್ಲಿ ಕಲ್ಲಿನ ತಡೆಗೋಡೆ ಆಗುತ್ತದೆ, ನೀರು ಪಕ್ಕದಿಂದ ಚೆಲ್ಲುತ್ತದೆ. ವ್ಯಾಟ್ ವಿಷಯದಲ್ಲಿ ತಳ ಅಗಲವಿದ್ದು ವ್ಯಾಟ್ ಮಿತವಾಗಿದ್ದರೆ ಒಳ್ಳೆಯದು. ಅಷ್ಟೇ ಶಾಖ ಜಾಸ್ತಿ ಜಾಗದಲ್ಲಿ ಹರಡಿದರೆ ತಟ್ಟೆ ಅಷ್ಟಾಗಿ ಸುಡುವುದಿಲ್ಲ. 'ಸುಣ್ಣ ಕಟ್ಟದ ಕೆಟಲ್' ಅಂತ ಯಾರಾದರೂ ಮಾರಿದರೆ ನಂಬಬೇಡಿ. ಸುಣ್ಣ ಬರುವುದು ನೀರಿನಿಂದ, ಕೆಟಲ್‌ನಿಂದಲ್ಲ.

ಹಾಗಾದರೆ ನೀರನ್ನೇ ಸರಿಮಾಡಬಹುದಲ್ವಾ ಅಂದರೆ, ಆರ್‌ಒ ನೀರು ಹಾಕಿದರೆ ಸುಣ್ಣದ ಕಾಟ ಹೆಚ್ಚುಕಡಿಮೆ ಹೋಗುತ್ತದೆ. ಬರೀ ಇದ್ದಿಲಿನ ಫಿಲ್ಟರ್ ವಾಸನೆ ತೆಗೆಯುತ್ತದೆ, ಗಡಸುತನ ತೆಗೆಯುವುದಿಲ್ಲ. ಉಪ್ಪು ಹಾಕುವ ಸಾಫ್ಟನರ್ ಕ್ಯಾಲ್ಸಿಯಂ ತೆಗೆದು ಸೋಡಿಯಂ ಕೊಡುತ್ತದೆ. 300 ಮಿಲಿಗ್ರಾಂ ಗಡಸುತನ ತೆಗೆದರೆ ಲೀಟರಿಗೆ ಸುಮಾರು 138 ಮಿಲಿಗ್ರಾಂ ಸೋಡಿಯಂ ಸೇರಿಕೊಳ್ಳುತ್ತದೆ. ಉಪ್ಪು ಕಡಿಮೆ ಮಾಡಿ ಅಂತ ವೈದ್ಯರು ಹೇಳಿರುವವರು ಮನೆಯಲ್ಲಿದ್ದರೆ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ಏನೂ ಹಾಕಿಸದೆ ಅದೇ ನೀರು ಬಳಸುವುದಾದರೆ ಬೇಕಾದಷ್ಟೇ ಕಾಯಿಸಿ, ಉಳಿದದ್ದನ್ನು ಚೆಲ್ಲಿ, ಮುಚ್ಚಳ ತೆರೆದಿಡಿ. ರಾತ್ರಿಯಿಡೀ ತಳದಲ್ಲಿ ಎರಡು ಗುಟುಕು ನೀರು ಬಿಟ್ಟರೆ ಬೆಳಿಗ್ಗೆ ಅಲ್ಲೊಂದು ಹೊಸ ಉಂಗುರ. ಎಷ್ಟು ದಿನಕ್ಕೊಮ್ಮೆ ಸುಣ್ಣ ತೆಗೆಯಬೇಕು ಅನ್ನುವುದಕ್ಕೆ ಹೀಗೆ ಮಾಡಿ. 300 ಮಿಲಿಗ್ರಾಂ ಗಡಸು ನೀರು, ದಿನಕ್ಕೆ 4 ಲೀಟರ್ ಕುದಿಸಿದರೆ ತಿಂಗಳಿಗೆ 36 ಗ್ರಾಂ ಕೆಟಲ್ ಹಾದುಹೋಗುತ್ತದೆ. ಅದರಲ್ಲಿ ಕಾಲು ಭಾಗ ತಳ ಹಿಡಿದರೂ 9 ಗ್ರಾಂ. ಅದಕ್ಕೆ ಬೇಕಾದದ್ದು ಸುಮಾರು 12 ಗ್ರಾಂ ಸಿಟ್ರಿಕ್ ಆಸಿಡ್, ಅಂದರೆ ಒಂದು ದೊಡ್ಡ ಚಮಚ. ನಾನು ತಿಂಗಳ ಮೊದಲ ಭಾನುವಾರ ಹಾಕುತ್ತೇನೆ. ಮೂರನೇ ಕೆಟಲ್ ಈಗ ನಾಲ್ಕನೇ ವರ್ಷದಲ್ಲಿದೆ, 1 ಲೀಟರ್ ಇನ್ನೂ ನಾಲ್ಕು ನಿಮಿಷ ಹತ್ತು ಸೆಕೆಂಡಿಗೆ ಕುದಿಯುತ್ತದೆ.